ನೆತ್ತಿಗೆ ಹತ್ತಿದ ತುತ್ತು: ನುಂಗುವ ತೊಂದರೆ, ವಯಸ್ಸು, ಕ್ಯಾನ್ಸರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವಳು. ನುಂಗುವ ತೊಂದರೆಯೇ ನನ್ನ ಸಂಶೋಧನೆಯ ವಿಷಯ. ಅದರಲ್ಲೂ ವಯಸ್ಸಾದವರು ಮತ್ತು ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು ಹೇಗೆ ನುಂಗುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ನೋಡುವ ಕೆಲಸ. ಮದುವೆಮನೆಯ ಪಂಕ್ತಿಯಲ್ಲಿ, ಶಿವಮೊಗ್ಗದ ಬಸ್ಸಿನಲ್ಲಿ, ಕಾಗದಗಳಲ್ಲಿ, ರಾತ್ರಿ ಹತ್ತರ ಮೇಲೆ ಬರುವ ಫೋನುಗಳಲ್ಲಿ ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಓದಿ, ಆದರೆ ನಿಮ್ಮ ಮನೆಯವರನ್ನು ಕೂರಿಸಿ ನೋಡಿದ ವೈದ್ಯರ ಮಾತನ್ನು ಇದಕ್ಕಿಂತ ಹೆಚ್ಚು ನಂಬಿ.

ಮೊದಲ ಪ್ರಶ್ನೆಗಳು

"ನುಂಗೋದರ ಮೇಲೂ ಸಂಶೋಧನೆ ಮಾಡೋದಿರುತ್ತಾ ಮೇಡಂ?"

ಇರುತ್ತದೆ. ಗಂಟಲಲ್ಲಿ ಉಸಿರಿನ ದಾರಿ ಮುಂದೆ, ಅನ್ನದ ದಾರಿ ಹಿಂದೆ. ಬಾಯಿಂದ ಹೋಗುವ ಅನ್ನ ಉಸಿರಿನ ದಾರಿಯನ್ನು ದಾಟಿಯೇ ಹಿಂದಕ್ಕೆ ಹೋಗಬೇಕು. ರೈಲು ಬರುವಾಗ ಗೇಟು ಬೀಳುವ ಹಾಗೆ, ಪ್ರತಿ ತುತ್ತಿಗೂ ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆ ಮುಂದಕ್ಕೆ ಎದ್ದು ಮುಚ್ಚಿಕೊಳ್ಳುತ್ತದೆ, ಅನ್ನನಾಳದ ಬಾಯಿ ತೆರೆಯುತ್ತದೆ. ಗಂಟಲೊಳಗಿನ ಇಷ್ಟೂ ಕೆಲಸ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಮಿದುಳಿನಿಂದ ನೇರವಾಗಿ ಹೊರಡುವ 5 ಜೊತೆ ನರಗಳು, ಹತ್ತಾರು ಸ್ನಾಯುಗಳು ಇದಕ್ಕೆ ದುಡಿಯುತ್ತವೆ. ಯಾವುದಾದರೂ ಒಂದು ಅರೆಕ್ಷಣ ತಡವಾದರೆ ಗೇಟು ಬೀಳುವ ಮೊದಲೇ ರೈಲು ಬಂದ ಹಾಗೆ. ಇದರ ಅಧ್ಯಯನಕ್ಕೆ 1986ರಿಂದ ಪ್ರತ್ಯೇಕವಾದ ವೈದ್ಯಕೀಯ ಪತ್ರಿಕೆಯೇ ಇದೆ.

"ಊಟ ನೆತ್ತಿಗೆ ಹತ್ತಿದ್ರೆ ಯಾರೋ ನೆನೆಸ್ಕೊಂಡ್ರು ಅಂತೀವಿ. ನಿಜಕ್ಕೂ ಎಲ್ಲಿಗೆ ಹೋಗುತ್ತೆ ಅದು?"

ನೆತ್ತಿಗೆ ಹೋಗುವುದಿಲ್ಲ, ಕೆಳಕ್ಕೇ ಹೋಗುತ್ತದೆ. ಧ್ವನಿಪೆಟ್ಟಿಗೆಯ ಬಾಗಿಲಿಗೆ, ಕೆಲವೊಮ್ಮೆ ಅದನ್ನೂ ದಾಟಿ ಶ್ವಾಸಕೋಶದ ಕಡೆಗೆ. ಕೆಮ್ಮು ಅದನ್ನು ಹೊರಗೆ ದಬ್ಬುವ ಕಾವಲುಗಾರ. ನೆನೆಸಿಕೊಂಡವರ ಹೆಸರು ಹೇಳುವುದು ನನಗೂ ಪ್ರೀತಿಯ ವಾಡಿಕೆ, ನಮ್ಮಜ್ಜಿ ಇಡೀ ಊರಿನ ಹೆಸರು ಹೇಳುತ್ತಿದ್ದಳು. ಆದರೆ ಒಬ್ಬರನ್ನೇ ದಿನವೂ ಎಲ್ಲರೂ ನೆನೆಸಿಕೊಳ್ಳುತ್ತಿದ್ದರೆ ಪರೀಕ್ಷೆ ಮಾಡಿಸಬೇಕು.

ತಲೆ ತಟ್ಟುವುದರಿಂದ ಉಪಯೋಗವಿಲ್ಲ. ಕೆಮ್ಮುತ್ತಿದ್ದಾರೆ, ಮಾತು ಹೊರಡುತ್ತಿದೆ ಎಂದರೆ ಕೆಮ್ಮಲು ಬಿಡಿ, ಮೇಲಿಂದ ನೀರು ಹೊಯ್ಯಬೇಡಿ. ಸದ್ದೇ ಹೊರಡದೆ ಮುಖ ಕಪ್ಪಿಟ್ಟರೆ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಜೋರಾಗಿ ಹೊಡೆಯಿರಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿ ಇಟ್ಟು 5 ಸಲ ಒಳಕ್ಕೆ ಮೇಲಕ್ಕೆ ಒತ್ತಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

"ಅಪ್ಪಯ್ಯಂಗೆ ಎಂಬತ್ತೆರಡು. ನೀರು ಕುಡಿದ್ರೆ ಕೆಮ್ಮು. ವಯಸ್ಸಾಯ್ತಲ್ಲ, ಇದ್ದದ್ದೇ ಅಲ್ವಾ?"

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರ ಕೇಳುವ ಮೊದಲೇ ಜನ ಒಪ್ಪಿಕೊಂಡುಬಿಟ್ಟಿರುವ ಪ್ರಶ್ನೆಯೂ ಇದೇ.

ವಯಸ್ಸಾದಂತೆ ನುಂಗುವುದು ನಿಧಾನವಾಗುತ್ತದೆ, ನಿಜ. ಕಾಲಿನ ಮೀನಖಂಡ ಕರಗುವ ಹಾಗೆ ನಾಲಿಗೆಯ ಸ್ನಾಯುವೂ ಕರಗುತ್ತದೆ. ಆದರೆ ಆರೋಗ್ಯವಾಗಿರುವ ವೃದ್ಧರು ಸಾಮಾನ್ಯ ತುತ್ತು ನುಂಗುವಾಗ ನಾಲಿಗೆಯಿಂದ ಹಾಕುವ ಒತ್ತಡ ಹರೆಯದವರಷ್ಟೇ ಇರುತ್ತದೆ. ಕಡಿಮೆಯಾಗುವುದು ಪೂರ್ತಿ ಬಲ ಹಾಕಿ ಒತ್ತಿದಾಗಿನ ಒತ್ತಡ. ಇದನ್ನು ಕಣಜದ ಲೆಕ್ಕದಲ್ಲಿ ಹೇಳುತ್ತೇನೆ. ದಿನಕ್ಕೆ ಬೇಕಾದ ಭತ್ತ ಅಷ್ಟೇ, ತೆಗೆಯುವುದೂ ಅಷ್ಟೇ. ಆದರೆ ಕಣಜದ ತಳ ಹತ್ತಿರ ಬಂದಿದೆ. ಒಂದು ಜ್ವರ, ವಾರದ ಆಸ್ಪತ್ರೆ ವಾಸ, ಸೊಂಟದ ಮೂಳೆ ಮುರಿತ ಬಂದರೆ ಕಣಜ ಬರಿದಾಗುತ್ತದೆ. "ಜ್ವರ ಬಂದು ಹೋದಮೇಲೆ ಊಟ ಇಳೀತಿಲ್ಲ" ಎಂದು ಜನ ಹೇಳುವುದು ಇದನ್ನೇ.

ಹಾಗಾಗಿ ಸಾವಕಾಶವಾಗಿ ಉಣ್ಣುವುದು ವಯಸ್ಸು. ಪ್ರತಿ ದಿನ ಕೆಮ್ಮುವುದು, ತೂಕ ಇಳಿಯುವುದು, ಊಟಕ್ಕೆ ಕರೆದರೆ "ಈಗ ಬೇಡ" ಎಂದು ತಪ್ಪಿಸಿಕೊಳ್ಳುವುದು ವಯಸ್ಸಲ್ಲ. ಹಿಂದೆ ಗೊತ್ತಾಗದಂತೆ ಬಂದುಹೋದ ಸಣ್ಣ ಲಕ್ವ, ಪಾರ್ಕಿನ್ಸನ್, ಗಂಟಲಲ್ಲಿ ಗಡ್ಡೆ, ನಿದ್ದೆ ಮಾತ್ರೆ, ಏನೂ ಇರಬಹುದು. ನಿಮ್ಮ ಅಪ್ಪಯ್ಯನನ್ನು ಒಮ್ಮೆ ತೋರಿಸಿ.

"ಅವರಿಗೆ ಕೆಮ್ಮೇ ಬರಲ್ಲ. ಅಂದ್ರೆ ಸರಿಯಾಗಿ ನುಂಗ್ತಿದಾರೆ ಅಂತ ತಾನೆ?"

ಹಾಗೆ ಹೇಳಲು ಬರುವುದಿಲ್ಲ. ಲಕ್ವ ಹೊಡೆದವರಲ್ಲಿ, ಕುತ್ತಿಗೆಗೆ ಕರೆಂಟ್ (ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆ) ಕೊಡಿಸಿಕೊಂಡವರಲ್ಲಿ ಗಂಟಲಿನ ಸ್ಪರ್ಶವೇ ಮಂಕಾಗಿರುತ್ತದೆ. ಕಾವಲುಗಾರ ಮಲಗಿದ್ದಾನೆ, ಅಷ್ಟೆ. ಅನ್ನ ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಉಂಡಮೇಲೆ ಧ್ವನಿ ಬಾಯಲ್ಲಿ ನೀರಿಟ್ಟುಕೊಂಡಂತೆ ಗೊರಗೊರ ಎನ್ನುವುದು, ಊಟದ ನಡುವೆ ಏದುಸಿರು, ಕಾರಣ ತಿಳಿಯದ ಜ್ವರ ಬಂದು ಬಂದು ಹೋಗುವುದು, ಒಂದೇ ವರ್ಷದಲ್ಲಿ ಎರಡನೇ ಸಲ ನ್ಯುಮೋನಿಯ: ಇವನ್ನು ಗಮನಿಸಿ. ಮಲೆನಾಡಿನ ಮಳೆಗಾಲದಲ್ಲಿ ಎಲ್ಲ ಕಫವನ್ನೂ "ಥಂಡಿ" ಎಂದು ಬರೆದುಬಿಡುತ್ತೇವೆ. ಊಟ ಮಾಡಿದ ಮೇಲೇ ಕಫ ಹೆಚ್ಚುತ್ತದೆಯೇ ಎಂದು ಒಂದು ವಾರ ನೋಡಿ ಬರೆದಿಡಿ, ವೈದ್ಯರಿಗೆ ಅದು ಬಹಳ ಸಹಾಯ.

"ಅಜ್ಜಿಗೆ ಹಲ್ಲೇ ಇಲ್ಲ. ಬಾಯಿ ಯಾಕೆ ಉಜ್ಜಿಸ್ಬೇಕು?"

ಶ್ವಾಸಕೋಶ ಉಳಿಸಲು. ತಪ್ಪು ದಾರಿ ಹಿಡಿದ ನೀರಿನ ಜೊತೆ ಬಾಯಿಯ ಸೂಕ್ಷ್ಮಾಣುಗಳೂ ಇಳಿಯುತ್ತವೆ, ನ್ಯುಮೋನಿಯ ತರುವುದು ಅವು. ಜಪಾನಿನ ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಊಟದ ನಂತರ ಬಾಯಿ ಶುಚಿ ಮಾಡಿಸಿದವರಲ್ಲಿ ನ್ಯುಮೋನಿಯ ಬಂದದ್ದು ಶೇ. 11 ಮಂದಿಗೆ, ಮಾಡಿಸದವರಲ್ಲಿ ಶೇ. 19. ಹಲ್ಲಿಲ್ಲದವರಿಗೂ ಇದರ ಲಾಭ ಸಿಕ್ಕಿತು. ಒದ್ದೆ ಬಟ್ಟೆ ಅಥವಾ ಮೆತ್ತನೆಯ ಬ್ರಷ್‌ನಿಂದ ನಾಲಿಗೆ, ವಸಡು, ಕೆನ್ನೆಯ ಒಳಗೋಡೆ ಒರೆಸಿ. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡಿ. ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಇನ್ನೊಂದು ಉಪಾಯ ನನಗೆ ತಿಳಿದಿಲ್ಲ.

ಅಡುಗೆಮನೆಯ ಪ್ರಶ್ನೆಗಳು

"ಸುಲಭ ಆಗ್ಲಿ ಅಂತ ಗಂಜಿ ಕೊಡ್ತಿದೀವಿ. ಅದಕ್ಕೇ ಜಾಸ್ತಿ ಕೆಮ್ತಾರೆ. ಯಾಕೆ?"

ನಮ್ಮ ಕುಚ್ಚಲಕ್ಕಿ ಗಂಜಿ ಮೇಲೆ ತಿಳಿ, ಕೆಳಗೆ ಅಗುಳು. ಬಾಯಿ ಒಂದೇ ಹೊತ್ತಿಗೆ ಎರಡು ಕೆಲಸ ಮಾಡಬೇಕು: ಅಗುಳನ್ನು ಅಗಿಯಬೇಕು, ತಿಳಿಯನ್ನು ಹಿಡಿದಿಟ್ಟುಕೊಳ್ಳಬೇಕು. ಅಗಿಯುವಷ್ಟರಲ್ಲಿ ತಿಳಿ ಗಂಟಲಿಗೆ ಜಾರಿರುತ್ತದೆ, ಗೇಟು ಇನ್ನೂ ತೆರೆದೇ ಇರುತ್ತದೆ. ಸಾರಿನಲ್ಲಿ ಮುಳುಗಿಸಿದ ಕಡುಬು, ಹಾಲಿಗೆ ಹಾಕಿದ ಅವಲಕ್ಕಿ, ನೀರು ಮಜ್ಜಿಗೆಯ ಅನ್ನ ಎಲ್ಲದರದೂ ಇದೇ ಕಥೆ. ಎಷ್ಟೋ ಮನೆಗಳಲ್ಲಿ ಅತಿ ಪ್ರೀತಿಯಿಂದ ಕೊಡುವ ಊಟವೇ ಅತಿ ಕಷ್ಟದ ಊಟವಾಗಿರುವುದನ್ನು ನೋಡಿ ನನಗೆ ಸಂಕಟವಾಗಿದೆ. ಅದೇ ಗಂಜಿಯನ್ನು ಅಗುಳು ತಿಳಿ ಬೇರೆಯಾಗದಂತೆ ನುಣ್ಣಗೆ ಅರೆದುಕೊಡಿ. ವಿದ್ಯುತ್ ಹೋಗಿದ್ದರೆ ಮೆತ್ತಗೆ ಬೇಯಿಸಿ ಕಡೆಗೋಲಿನಿಂದ ಕಡೆದು ಜಾಲರಿಯಲ್ಲಿ ಸೋಸಿ.

ತೆಳು ನೀರು ಗಂಟಲಲ್ಲಿ ವೇಗವಾಗಿ ಓಡುತ್ತದೆ, ಗಟ್ಟಿ ಮಾಡಿದರೆ ನಿಧಾನ. ಎಷ್ಟು ಗಟ್ಟಿ ಎಂದು ಹೇಳಲು ಆಹಾರ, ಪಾನೀಯಗಳಿಗೆ 0ಯಿಂದ 7ರವರೆಗೆ ಅಂತಾರಾಷ್ಟ್ರೀಯ ಮಟ್ಟಗಳಿವೆ. ಪಾನೀಯವನ್ನು ಮನೆಯಲ್ಲೇ ಅಳೆಯಬಹುದು. ಸೂಜಿಯಿಲ್ಲದ 10 ಮಿಲಿ ಸಿರಿಂಜ್ ತೆಗೆದುಕೊಳ್ಳಿ (0ಯಿಂದ 10ರ ಗೆರೆವರೆಗೆ 61.5 ಮಿಲಿಮೀಟರ್ ಉದ್ದವಿರಬೇಕು). ಒಳಗಿನ ದಂಡ ಹೊರತೆಗೆದು, ತುದಿಯನ್ನು ಬೆರಳಿಂದ ಮುಚ್ಚಿ 10ರವರೆಗೆ ತುಂಬಿಸಿ, ಬೆರಳು ತೆಗೆದು 10 ಸೆಕೆಂಡ್ ಬಿಡಿ, ಮತ್ತೆ ಮುಚ್ಚಿ. ಉಳಿದದ್ದು 1 ಮಿಲಿಗಿಂತ ಕಡಿಮೆಯಾದರೆ ನೀರಿನಂತೆ ತೆಳು. 1ರಿಂದ 4 ಮಟ್ಟ ಒಂದು, 4ರಿಂದ 8 ಮಟ್ಟ ಎರಡು, 8ಕ್ಕಿಂತ ಹೆಚ್ಚು ಉಳಿದೂ ಸ್ವಲ್ಪ ಹರಿದಿದ್ದರೆ ಮಟ್ಟ ಮೂರು.

ರಾಗಿಹಿಟ್ಟು, ಅಕ್ಕಿಹಿಟ್ಟು, ಕೂವೆಹಿಟ್ಟು ಹಾಕಿ ಕಾಯಿಸಿ ಗಟ್ಟಿ ಮಾಡುವವರು ಒಂದು ವಿಷಯ ನೆನಪಿಡಿ. ಎಂಜಲಿನಲ್ಲಿರುವ ರಸ ಪಿಷ್ಟವನ್ನು ಕರಗಿಸುತ್ತದೆ. ಬಾಯಿಗೆ ಹೋದ ಚಮಚವನ್ನೇ ಮತ್ತೆ ಮತ್ತೆ ಬಟ್ಟಲಿಗೆ ಅದ್ದಿದರೆ ಊಟದ ಕೊನೆಗೆ ಬಟ್ಟಲಲ್ಲಿರುವುದು ತೆಳು ನೀರು. ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಹಾಕಿಕೊಳ್ಳಿ.

"ಹಾಗಾದ್ರೆ ಎಲ್ಲಾ ವಯಸ್ಸಾದೋರಿಗೂ ನೀರು ಗಟ್ಟಿ ಮಾಡೇ ಕೊಡೋದು ಒಳ್ಳೇದಲ್ವಾ?"

ಬೇಡ. ಅಮೆರಿಕದಲ್ಲಿ ಮರೆವಿನ ಕಾಯಿಲೆ ಅಥವಾ ಪಾರ್ಕಿನ್ಸನ್ ಇದ್ದ 515 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಟ್ಟಿ ಮಾಡಿ ಕೊಟ್ಟವರಿಗೂ ಗದ್ದ ಕೆಳಗೆ ಮಾಡಿ ತೆಳು ನೀರು ಕುಡಿದವರಿಗೂ ಮೂರು ತಿಂಗಳಲ್ಲಿ ನ್ಯುಮೋನಿಯ ಬಂದ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಗಟ್ಟಿ ನೀರು ರುಚಿಸುವುದಿಲ್ಲ, ಜನ ಕುಡಿಯುವುದನ್ನೇ ಬಿಡುತ್ತಾರೆ, ದೇಹ ಒಣಗುತ್ತದೆ. ಪರೀಕ್ಷೆ ಮಾಡಿದವರು ಹೇಳಿದರೆ ಮಾತ್ರ, ಹೇಳಿದಷ್ಟೇ ಗಟ್ಟಿ ಮಾಡಿ.

"ಮುದ್ದೆ ಬಿಡ್ಬೇಕಾ?"

ಭದ್ರಾವತಿ, ಶಿಕಾರಿಪುರ ಕಡೆಯವರ ಪ್ರಶ್ನೆ. ಮುದ್ದೆ ಅಗಿಯದೆ ನುಂಗುವ ಊಟ, ಗಂಟಲಿಗೆ ಬಲವಿದ್ದವರಿಗೆ ಸರಿ. ನುಂಗುವ ತೊಂದರೆ ಇದ್ದವರಿಗೆ ಆ ಉಂಡೆ ಅಪಾಯ. ಅದೇ ರಾಗಿಯನ್ನು ಸರಿ ಅಥವಾ ಮಣ್ಣಿಯ ಹದಕ್ಕೆ ತಂದುಕೊಡಿ.

"ಮಲಗಿದಲ್ಲೇ ಚಮಚದಲ್ಲಿ ಕುಡಿಸ್ಬಹುದಾ?"

ಬೇಡ. ದಿಂಬು ಒಡ್ಡಿಯಾದರೂ ನೆಟ್ಟಗೆ ಕೂರಿಸಿ, ಊಟವಾದ ಮೇಲೂ ಅರ್ಧ ಗಂಟೆ ಕೂತಿರಲಿ. ಉಣ್ಣಿಸುವವರು ನಿಂತು ಉಣ್ಣಿಸಿದರೆ ಉಣ್ಣುವವರ ತಲೆ ಮೇಲಕ್ಕೆ ಎತ್ತುತ್ತದೆ, ಗಂಟಲ ಗೇಟು ತೆರೆದುಕೊಳ್ಳುತ್ತದೆ. ನೀವೂ ಅವರ ಮುಖದ ಎತ್ತರಕ್ಕೆ ಕೂತುಕೊಳ್ಳಿ. ನಿದ್ದೆಗಣ್ಣಲ್ಲಿ ಬಾಯಿಗಿಡಬೇಡಿ. ಲಕ್ವ ಹೊಡೆದ ಕಡೆಯ ಕೆನ್ನೆಯಲ್ಲಿ ತುತ್ತು ಉಳಿದಿದೆಯೇ ಎಂದು ಬೆರಳಿಗೆ ಬಟ್ಟೆ ಸುತ್ತಿ ನೋಡಿ.

ಕ್ಯಾನ್ಸರ್‌ನ ಪ್ರಶ್ನೆಗಳು

"ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಅನಿಸ್ತಾ ಇರುತ್ತೆ. ಕ್ಯಾನ್ಸರೇನಾ?"

ಊಟ ಮಾಡುವಾಗ ಮಾಯವಾಗಿ, ಸುಮ್ಮನೆ ಕೂತಾಗ ಕಾಡುವ ಗಂಟು ಬಹುತೇಕ ಕ್ಯಾನ್ಸರ್ ಅಲ್ಲ. ಆದರೂ ಒಮ್ಮೆ ಇಎನ್‌ಟಿ ವೈದ್ಯರಿಗೆ ತೋರಿಸಿ ನಿಶ್ಚಿಂತೆಯಾಗಿರಿ. ನನಗೆ ಭಯ ಹುಟ್ಟಿಸುವುದು ಬೇರೆ ಮಾತು: "ಮೊದಲು ರೊಟ್ಟಿ ಸಿಕ್ಕಿಕೊಳ್ತಿತ್ತು, ಆಮೇಲೆ ಅನ್ನ, ಈಗ ಹಾಲೂ ಇಳೀತಿಲ್ಲ." ಗಟ್ಟಿಯಿಂದ ತೆಳುವಿಗೆ, ವಾರದಿಂದ ವಾರಕ್ಕೆ ಇಳಿಯುವ ಈ ತೊಂದರೆ ಅನ್ನನಾಳದ ಕ್ಯಾನ್ಸರ್‌ನ ಮುಖ್ಯ ಲಕ್ಷಣ. ಎಂಡೋಸ್ಕೋಪಿ ತಡ ಮಾಡಬೇಡಿ. ಮೂರು ವಾರ ಕಳೆದರೂ ಮಾಯದ ಬಾಯಿ ಹುಣ್ಣು, ಬಿಟ್ಟುಹೋಗದ ಗೊಗ್ಗರು ಧ್ವನಿ, ಕುತ್ತಿಗೆಯಲ್ಲಿ ಗಂಟು, ನುಂಗುವಾಗ ಒಂದೇ ಕಿವಿಗೆ ನೋವು: ಇವಕ್ಕೂ ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯಬಾರದು.

"ಅಡಿಕೆ ಬೆಳೆದು ಬದುಕಿದೋರು ನಾವು. ಕವಳಕ್ಕೂ (ಎಲೆ ಅಡಿಕೆಗೂ) ಕ್ಯಾನ್ಸರ್‌ಗೂ ಸಂಬಂಧ ಇದೆ ಅಂತ ನೀವೂ ಹೇಳ್ತೀರಾ?"

ಹೇಳುತ್ತೇನೆ, ಸುಲಭವಾಗಿ ಅಲ್ಲ. ನನ್ನ ಓದಿನ ಫೀಸು ಬಂದದ್ದು ಅಡಿಕೆ ಮಂಡಿಯಿಂದ. ರಾಶಿ, ಬೆಟ್ಟೆ, ಗೊರಬಲಿನ ಧಾರಣೆ ಕೇಳುತ್ತಲೇ ಬೆಳೆದವಳು ನಾನು. ಮನೆಗೆ ಬಂದವರ ಮುಂದೆ ಕವಳದ ಹರಿವಾಣ ಇಡದಿದ್ದರೆ ಮರ್ಯಾದೆ ಹೋದ ಹಾಗೆ ಎನ್ನುವುದೂ ಗೊತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಹಾಕಿದ ಕವಳವನ್ನು ಕ್ಯಾನ್ಸರ್‌ಕಾರಕ ಎಂದಿತು. 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಅದೇ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯ ರಸ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತದೆ. ಕೆನ್ನೆ ಬಿಳಿಚಿ ಬಿರುಸಾಗುತ್ತದೆ, ಖಾರ ಉರಿಯುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬರುತ್ತದೆ. ಇದರಲ್ಲಿ ಕೆಲವರಿಗೆ ಕ್ಯಾನ್ಸರ್ ಆಗುತ್ತದೆ, ಆಗದವರಿಗೂ ತುತ್ತು ಬಾಯಿಗಿಡುವುದೇ ಕಷ್ಟ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಯದಿದ್ದರೆ ದಂತವೈದ್ಯರನ್ನು ಕಾಣಿ.

ಎಷ್ಟು ಹೊತ್ತು, ಎಷ್ಟು ಸಲ ಎನ್ನುವುದರ ಮೇಲೆ ಅಪಾಯ ಏರುತ್ತದೆ. ದವಡೆಯಲ್ಲಿ ಕವಳ ಇಟ್ಟುಕೊಂಡೇ ಮಲಗುವ ಅಭ್ಯಾಸವನ್ನು ಇಂದೇ ಬಿಡಿ, ತಂಬಾಕನ್ನೂ ಇಂದೇ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ಆದರೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಹುಡುಗರ ಜೇಬಿಗೆ ಬರುತ್ತಲೇ ಇದೆ. ಪರಿಹಾರದ ಒಂದು ದಾರಿ ನಮ್ಮ ನೆರೆಯಲ್ಲೇ ಸಿಕ್ಕಿದೆ: ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬರೀ ಬೆಳಕಲ್ಲಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಶೇ. 34ರಷ್ಟು ತಗ್ಗಿತು ಎಂದು 2005ರಲ್ಲಿ ಪ್ರಕಟವಾಯಿತು. ನಮ್ಮ ಸೊಸೈಟಿಗಳ ವಾರ್ಷಿಕ ಸಭೆಯ ದಿನ ಬಾಗಿಲಲ್ಲಿ ಒಬ್ಬ ದಂತವೈದ್ಯರು ಟಾರ್ಚ್ ಹಿಡಿದು ಕೂತರೆ ಎಷ್ಟು ಬಾಯಿಗಳನ್ನು ನೋಡಬಹುದು!

"ಕರೆಂಟ್ ಕೊಡಿಸೋವಾಗ ಗಂಟಲೆಲ್ಲ ಹುಣ್ಣು. ಮೂಗಿಗೆ ಪೈಪ್ ಹಾಕ್ಸಿ ಗಂಟಲಿಗೆ ರೆಸ್ಟ್ ಕೊಡೋಣ ಅಂದ್ಕೊಂಡಿದೀವಿ."

ವಿಕಿರಣ ಚಿಕಿತ್ಸೆ ವಾರಕ್ಕೆ 5 ದಿನದಂತೆ 6ರಿಂದ 7 ವಾರ. ಮೂರನೇ ವಾರದ ಹೊತ್ತಿಗೆ ಎಂಜಲು ನುಂಗಿದರೂ ಉರಿ. ಪೈಪ್ ಬೇಕಾಗಬಹುದು, ಅದರಲ್ಲಿ ಸೋಲೇನೂ ಇಲ್ಲ. ಆದರೆ ಪೈಪ್ ಬಂತೆಂದು ನುಂಗುವುದನ್ನು ಪೂರ್ತಿ ಬಿಡಬೇಡಿ. ಕೆಲಸವಿಲ್ಲದ ಸ್ನಾಯು ಬೇಗ ಸೊರಗುತ್ತದೆ, ವಿಕಿರಣ ಬಿದ್ದ ಜಾಗದಲ್ಲಿ ಗಟ್ಟಿಯೂ ಆಗುತ್ತದೆ. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ 497 ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ವರದಿ ಹೇಳುವುದು ಇದನ್ನೇ: ಚಿಕಿತ್ಸೆಯುದ್ದಕ್ಕೂ ಬಾಯಿಂದ ಸ್ವಲ್ಪವಾದರೂ ಉಂಡು, ವ್ಯಾಯಾಮವನ್ನೂ ಮಾಡಿದವರು ಕೊನೆಗೆ ಚೆನ್ನಾಗಿ ಉಂಡರು. ಎರಡನ್ನೂ ಬಿಟ್ಟವರು ಹೆಚ್ಚು ಕಷ್ಟಪಟ್ಟರು.

ನೋವಿನ ಔಷಧಿಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಹುಳಿ, ಖಾರ, ಬಿಸಿ ಬೇಡ. ತಣ್ಣಗಿನ ರಾಗಿ ಮಣ್ಣಿ, ಮೆಣಸು ಹಾಕದ ತಂಬುಳಿ ಎಷ್ಟೋ ಜನರಿಗೆ ಇಳಿದಿದೆ. ಗಂಟಲ ಪರೀಕ್ಷೆ ಮಾಡಿದವರು "ಬಾಯಿಂದ ಏನೂ ಬೇಡ" ಎಂದಿದ್ದರೆ ಮಾತ್ರ ಅವರ ಮಾತೇ ಕೊನೆ. ಆಗಲೂ ಎಂಜಲು ನುಂಗುವ ಅಭ್ಯಾಸ ಮಾಡಬಹುದೇ ಎಂದು ಕೇಳಿ.

"ಕ್ಯಾನ್ಸರ್ ವಾಸಿಯಾಗಿ ಎಂಟು ವರ್ಷ ಆಯ್ತು. ಈಗ ಯಾಕೆ ನುಂಗಕ್ಕೆ ಆಗ್ತಿಲ್ಲ?"

ಮೊದಲು ಕ್ಯಾನ್ಸರ್ ಮರಳಿಲ್ಲ, ಹೊಸದು ಹುಟ್ಟಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಅದಿಲ್ಲವಾದರೆ ಇದು ವಿಕಿರಣದ ತಡವಾದ ಪರಿಣಾಮ ಇರಬಹುದು. ನಾರು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ, ನಾಲಿಗೆ ಮತ್ತು ಗಂಟಲಿನ ನರಗಳು ನಿಧಾನವಾಗಿ ಸೋಲುತ್ತವೆ. 55ರಲ್ಲಿ ಚಿಕಿತ್ಸೆ ಆದವರಿಗೆ ಈಗ 63, ಕಣಜದ ತಳವೂ ಹತ್ತಿರ ಬಂದಿದೆ. ಎರಡೂ ಒಂದೇ ಗಂಟಲಲ್ಲಿ ಸೇರಿದಾಗ ಅವರು ಬಳಲುತ್ತಾರೆ. ಹಲ್ಲು ಕೀಳಿಸುವ ಮೊದಲು ದವಡೆಗೆ ವಿಕಿರಣ ಆಗಿದೆ ಎಂದು ದಂತವೈದ್ಯರಿಗೆ ಹೇಳಲು ಮರೆಯಬೇಡಿ, ಎಷ್ಟು ವರ್ಷವಾಗಿದ್ದರೂ ಸರಿ. ಅಲ್ಲಿನ ಮೂಳೆ ಮಾಯುವುದು ಕಷ್ಟ.

ಆಳದ ಪ್ರಶ್ನೆಗಳು

"ಬೇರಿಯಂ ಕುಡಿಸಿ ಎಕ್ಸ್‌ರೇನೋ, ಮೂಗಲ್ಲಿ ಕ್ಯಾಮೆರಾನೋ? ಎಲ್ಲಿಗೆ ಹೋಗ್ಬೇಕು?"

ಎಕ್ಸ್‌ರೇ ವೀಡಿಯೋ ಪರೀಕ್ಷೆಯನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಜೆರಿ ಲೋಗ್‌ಮನ್. ಬೇರಿಯಂ ಕಲಸಿದ ತುತ್ತು ಬಾಯಿಂದ ಅನ್ನನಾಳದವರೆಗೆ ಹೋಗುವ ದಾರಿಯೆಲ್ಲ ಕಾಣುತ್ತದೆ. ಮೂಗಿನ ಮೂಲಕ ತೆಳು ಕ್ಯಾಮೆರಾ ಇಳಿಸುವ ಪರೀಕ್ಷೆಯನ್ನು ಸೂಸನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು 1988ರಲ್ಲಿ ವಿವರಿಸಿದರು. ಅದರಲ್ಲಿ ಗಂಟಲನ್ನು ನೇರವಾಗಿ ನೋಡಬಹುದು, ಮನೆಯ ಗಂಜಿಯನ್ನೇ ಕೊಟ್ಟು ನೋಡಬಹುದು, ಹಾಸಿಗೆ ಪಕ್ಕದಲ್ಲೇ ಮಾಡಬಹುದು. ಆದರೆ ನುಂಗುವ ಆ ಕ್ಷಣ ಮಾತ್ರ ತೆರೆ ಬೆಳ್ಳಗಾಗಿ ಏನೂ ಕಾಣದು. ಯಾವ ಅನುಮಾನ ಇದೆ ಎನ್ನುವುದರ ಮೇಲೆ ಪರೀಕ್ಷೆ.

ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಅಥವಾ ನಿಮ್ಮ ಹತ್ತಿರದ ಇಎನ್‌ಟಿ ವೈದ್ಯರನ್ನು ಕಾಣಿ. ನುಂಗುವ ತರಬೇತಿಯ ತಜ್ಞರಿಗಾಗಿ ಮಣಿಪಾಲ, ಇಲ್ಲವೇ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಘಾಟಿ ಇಳಿಯುವ ಮೊದಲು ಫೋನ್ ಮಾಡಿ ಪರೀಕ್ಷೆ ಯಾವ ದಿನ ಎಂದು ಕೇಳಿಕೊಳ್ಳಿ. ವಯಸ್ಸಾದವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬರಿಗೈಲಿ ಮರಳಿದವರನ್ನು ನೋಡಿದ್ದೇನೆ.

"ಗಂಟಲಿಗೂ ವ್ಯಾಯಾಮ ಇದೆಯಂತೆ. ವೀಡಿಯೋ ನೋಡ್ಕೊಂಡು ಮಾಡ್ಬಹುದಾ?"

ಇದೆ. ಅಂಗಾತ ಮಲಗಿ ಹೆಗಲು ಎತ್ತದೆ ತಲೆ ಮಾತ್ರ ಎತ್ತಿ ಕಾಲ್ಬೆರಳು ನೋಡುವುದು ಒಂದು: ಒಂದು ನಿಮಿಷ ಹಿಡಿದು ಮೂರು ಸಲ, ಆಮೇಲೆ ಹಿಡಿಯದೆ 30 ಸಲ, ಹೀಗೆ ದಿನಕ್ಕೆ ಮೂರು ಹೊತ್ತು, ಆರು ವಾರ. ಅನ್ನನಾಳದ ಬಾಯಿ ತೆರೆಯಿಸುವ ಸ್ನಾಯುಗಳಿಗೆ ಅದು ಬಲ ಕೊಡುತ್ತದೆ. ಕುತ್ತಿಗೆ ಮೂಳೆ ಸವೆದವರಿಗೆ ಮಾಡಿಸಬಾರದು. ನಾಲಿಗೆಯಿಂದ ಅಂಗುಳ ಒತ್ತುವುದು, ಬಲ ಹಾಕಿ ನುಂಗುವುದು, ನುಂಗುವಾಗ ಧ್ವನಿಪೆಟ್ಟಿಗೆಯನ್ನು ಮೇಲೆಯೇ ಹಿಡಿಯುವುದು, ಒಂದೊಂದೂ ಒಂದೊಂದು ದೋಷಕ್ಕೆ. ಗದ್ದ ಕೆಳಗೆ ಮಾಡಿ ನುಂಗುವುದು ಕೂಡ ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಅದರಿಂದಲೇ ಹೆಚ್ಚು ಜಾರುತ್ತದೆ. ತಜ್ಞರಿಂದ ಕಲಿತಮೇಲೆ ವೀಡಿಯೋ ನೆನಪಿಗೆ ಇರಲಿ.

"ವಯಸ್ಸಿನಿಂದ ಆದದ್ದು ಯಾವುದು, ಚಿಕಿತ್ಸೆಯಿಂದ ಆದದ್ದು ಯಾವುದು ಅಂತ ಹೇಗೆ ಬೇರೆ ಮಾಡ್ತೀರಿ? ಅದರಿಂದ ಏನು ಉಪಯೋಗ?"

ಒಬ್ಬ ಕಾಲೇಜು ಹುಡುಗಿ ಕೇಳಿದ್ದು, ನನ್ನ ಕೆಲಸದ ತಿರುಳೂ ಇದೇ. ಚಿಕಿತ್ಸೆಗೆ ಮೊದಲೇ ನಾಲಿಗೆಯ ಬಲ, ಬಾಯಿ ತೆರೆಯುವ ಅಳತೆ, ನುಂಗುವ ವೀಡಿಯೋ, ತೂಕ, ಕೈಹಿಡಿತದ ಬಲ ದಾಖಲಾಗಿದ್ದರೆ ನಂತರದ ಅಳತೆಯೊಡನೆ ಹೋಲಿಸಬಹುದು. ಮೊದಲ ಅಳತೆ ಇಲ್ಲದಿದ್ದರೆ ಊಹೆ ಮಾತ್ರ. ಆದ್ದರಿಂದ 70 ದಾಟಿದವರಿಗೆ ಗಂಟಲಿನ ಕ್ಯಾನ್ಸರ್ ಎಂದು ತಿಳಿದ ದಿನವೇ ನುಂಗುವ ಪರೀಕ್ಷೆಯೂ ಆಗಲಿ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಚಿಕಿತ್ಸೆಯನ್ನೇ ಬದಲಿಸಲು ಇದು ನೆರವಾಗುತ್ತದೆ. ಬ್ರಿಟನ್ ಮತ್ತು ಐರ್ಲೆಂಡ್‌ನ 112 ರೋಗಿಗಳ ಮೇಲೆ ನಡೆದ ಡಾರ್ಸ್ ಎಂಬ ಪ್ರಯೋಗದಲ್ಲಿ ಅರ್ಧ ಜನರಿಗೆ ನುಂಗುವ ಸ್ನಾಯುಗಳ ಮೇಲೆ ಬೀಳುವ ವಿಕಿರಣವನ್ನು ಬೇಕೆಂದೇ ತಗ್ಗಿಸಿದರು. ವರ್ಷದ ನಂತರ ಅವರು ತಮ್ಮ ನುಂಗುವಿಕೆಗೆ ಕೊಟ್ಟ ಅಂಕ ಉಳಿದವರಿಗಿಂತ ಮೇಲಿತ್ತು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಗಡ್ಡೆ ಇರುವ ಜಾಗ ಅವಕಾಶ ಕೊಟ್ಟರೆ ನಿಮ್ಮ ವಿಕಿರಣ ವೈದ್ಯರನ್ನು ಈ ಬಗ್ಗೆ ಕೇಳಬಹುದು. ಸಂಕೋಚ ಬೇಡ.

"ಅಮ್ಮನಿಗೆ ಮರೆವಿನ ಕೊನೇ ಹಂತ. ಊಟ ಬಿಟ್ಟಿದಾರೆ. ಪೈಪ್ ಹಾಕಿಸ್ದೆ ಇದ್ರೆ ಉಪವಾಸ ಕೆಡವಿದ ಪಾಪ ನಮಗೆ ಬರುತ್ತಾ?"

ಬರುವುದಿಲ್ಲ. ಈ ಮಾತನ್ನು ಅಳುಕಿಲ್ಲದೆ ಬರೆಯುತ್ತಿದ್ದೇನೆ. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ಹೊಟ್ಟೆಗೆ ಪೈಪ್ ಇಡುವುದರಿಂದ ಆಯಸ್ಸು ಹೆಚ್ಚಿದ್ದು, ನ್ಯುಮೋನಿಯ ತಪ್ಪಿದ್ದು ಕಂಡುಬಂದಿಲ್ಲ. ಅಮೆರಿಕದ ವೃದ್ಧರ ವೈದ್ಯರ ಸಂಘ 2014ರಲ್ಲಿ ಇದಕ್ಕೆ ಬದಲಾಗಿ ಕೈಯಾರೆ, ಸಾವಧಾನವಾಗಿ ಉಣ್ಣಿಸುವುದನ್ನೇ ಸೂಚಿಸಿತು. ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವವರ ಪೈಪು, ಕರೆಂಟ್ ಕೊಡಿಸಿಕೊಳ್ಳುವವರ ಪೈಪು ಬೇರೆ ಲೆಕ್ಕ, ಅವರಿಗೆ ಅದು ದಾಟುವ ಸಂಕ. ಅಮ್ಮ ಉಣ್ಣುವುದನ್ನು ಬಿಟ್ಟದ್ದರಿಂದ ಕಾಯಿಲೆ ಮುಂದೆ ಹೋದದ್ದಲ್ಲ, ಕಾಯಿಲೆ ಮುಂದೆ ಹೋಗಿರುವುದರಿಂದ ಉಣ್ಣುವುದನ್ನು ಬಿಟ್ಟಿದ್ದಾರೆ.

ಎಚ್ಚರವಾಗಿದ್ದಾಗ, ಅವರಾಗಿ ಬಾಯಿ ತೆರೆದರೆ ಕೊಡಿ. ತುಟಿ ಬಿಗಿದರೆ, ಮುಖ ತಿರುಗಿಸಿದರೆ ನಿಲ್ಲಿಸಿ. ಬಾಯಿ ಒಣಗದಂತೆ ಆಗಾಗ ಒದ್ದೆ ಮಾಡಿ, ತುಟಿಗೆ ಸ್ವಲ್ಪ ತುಪ್ಪ ಸವರಿ. ಹೊಸನಗರದ ಕಡೆಯ ಒಂದು ಮನೆಯಲ್ಲಿ ಮಗಳು ಜಾಡಿಯ ಅಪ್ಪೆಮಿಡಿಯ ರಸವನ್ನು ಬೆರಳ ತುದಿಯಲ್ಲಿ ತೆಗೆದು ಅಮ್ಮನ ನಾಲಿಗೆಗೆ ಮುಟ್ಟಿಸುತ್ತಿದ್ದಳು. ನಾಲ್ಕು ದಿನದಿಂದ ಮಾತಾಡದಿದ್ದ ಅಮ್ಮ ಚಪ್ಪರಿಸಿ, "ಹೊಳೆಸಾಲಿನ ಮರದ್ದು" ಎಂದರು. ಬಾಯಲ್ಲಿ ಹುಣ್ಣಿದ್ದರೆ ಮಿಡಿಯ ರಸ ಬೇಡ, ಉರಿಯುತ್ತದೆ. ಎಳನೀರಲ್ಲಿ ಅದ್ದಿದ ಹತ್ತಿ ಸಾಕು.